ಆಷಾಢದ ಗಾಳಿ, ಸೇಡಂ ರಸ್ತೆಯ ವಿಮಾನ

ಹೋದ ವಾರ ಕಚೇರಿಯ ಕೆಲಸಕ್ಕೆಂದು ಸೇಡಂನಿಂದ ಕಲಬುರಗಿಗೆ ಬಸ್ಸಿನಲ್ಲಿ ಹೊರಟಿದ್ದೆ. ಮಳೆ ಇನ್ನೂ ಹಿಡಿದಿರಲಿಲ್ಲ, ಗಾಳಿ ಮಾತ್ರ ಹಿಡಿದಿತ್ತು. ಕಿಟಕಿಯ ಗಾಜು ಎಳೆದರೂ ಎಲ್ಲಿಂದಲೋ ಒಳಗೆ ನುಗ್ಗಿ, ಮುಂದಿನ ಸೀಟಿನ ಹೆಂಗಸಿನ ಸೆರಗನ್ನು ತಂದು ನನ್ನ ಮುಖಕ್ಕೆ ಬಡಿಯುತ್ತಿತ್ತು. ವಿಮಾನ ನಿಲ್ದಾಣದ ಕಾಂಪೌಂಡು ಶುರುವಾಗುವ ಹೊತ್ತಿಗೆ ಯಾರೋ “ವಿಮಾನ, ವಿಮಾನ” ಅಂದರು. ಎಲ್ಲರೂ ಬಗ್ಗಿ ನೋಡಿದರು. ಬಿತ್ತನೆಗೆ ಕಾದಿದ್ದ ಕರಿ ಹೊಲಗಳ ಮೇಲೆ ಒಂದು ಸಣ್ಣ ವಿಮಾನ, ಮೂತಿ ಒಂದು ಕಡೆ ಮೈ ಒಂದು ಕಡೆ ಮಾಡಿಕೊಂಡು, ಏಡಿಯ ಹಾಗೆ ಅಡ್ಡಡ್ಡ ಬರುತ್ತಿತ್ತು. ಒಂದು ರೆಕ್ಕೆ ಕೆಳಗಾಯಿತು, ಸರಿಹೋಯಿತು, ಇನ್ನೊಂದು ಕೆಳಗಾಯಿತು.

“ಕುಡದವರಂಗ ಬರ್ಲಿಕತ್ತದ ನೋಡ್ರಿ” ಅಂತ ಹಿಂದಿನಿಂದ ಒಬ್ಬ ಅಂದ. ನಾಲ್ಕಾರು ಜನ ನಕ್ಕರು.

ನಾನು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ವಿಮಾನ ನೆಲ ಮುಟ್ಟಿ ಕಣ್ಮರೆಯಾಗಿ, ಬಸ್ಸು ಬಹಳ ದೂರ ಹೋದ ಮೇಲೂ ಬೆರಳು ಬಿಡಿಸಿಕೊಳ್ಳಲಿಲ್ಲ. ಚಿಲ್ಲರೆ ಕೊಡಲು ಬಂದ ಕಂಡಕ್ಟರ್ ಎರಡು ಸಲ ಕೂಗಬೇಕಾಯಿತು.

ಕೆಲವು ವರ್ಷಗಳ ಹಿಂದೆ ಒಂದು ಆಷಾಢದ ಆಸುಪಾಸಿನಲ್ಲಿ ನಾನು ಆ ವಿಮಾನದ ಒಳಗಿದ್ದೆ. ಒಂದು ಸಲವಲ್ಲ, ಮೂರು ಸಲ.

ಆಗ ನಾನು ಚಿತ್ತಾಪುರದ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಬೆಳಗಾದರೆ ಜನ ಅರ್ಜಿ ಹಿಡಿದುಕೊಂಡು ಬರುತ್ತಿದ್ದರು. ಎಲ್ಲಿ ಸಹಿ ಹಾಕಬೇಕು, ಯಾವ ಕಾಗದದ ನಕಲು ಬೇಕು, ಯಾವ ದಿನ ಬಂದರೆ ಸಾಹೇಬರು ಸಿಗುತ್ತಾರೆ, ಎಲ್ಲವನ್ನೂ ನಾನೇ ಹೇಳಬೇಕು. ನಾನು ಹೇಳಿದ್ದನ್ನು ಅವರು ಎದುರು ಮಾತಾಡದೆ ಕೇಳುತ್ತಿದ್ದರು. ವರ್ಷಗಟ್ಟಲೆ ಹೀಗೆ ಹೇಳುತ್ತ ಕೂತರೆ ಮನುಷ್ಯನಿಗೆ ತನಗೆ ಎಲ್ಲ ಗೊತ್ತಿದೆ ಅನ್ನಿಸಲು ಶುರುವಾಗುತ್ತದೆ. ನನಗೂ ಹಾಗೇ ಆಗಿತ್ತು. ಕಚೇರಿಯ ಹೊರಗೂ ನಾನು ಕೇಳದವರಿಗೆ ದಾರಿ ಹೇಳುತ್ತಿದ್ದೆ.

ನನ್ನ ಅಕ್ಕ ಮಹಾದೇವಿ ಸೇಡಂನಲ್ಲಿ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಭಾವ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ದಿನಕ್ಕೆ ನೂರಾರು ಜೋಳದ ರೊಟ್ಟಿ ಬಡಿದ ಕೈ ಅವಳದು, ಅಂಗೈ ಹಲಗೆಯ ಹಾಗೆ ಗಟ್ಟಿ. ಆ ವರ್ಷದ ಚಳಿಗಾಲದಲ್ಲಿ ಅವಳ ಹೊಟ್ಟೆಯಲ್ಲಿ ಗಡ್ಡೆ ಇದೆ ಅಂತ ಗೊತ್ತಾಯಿತು. ಕಲಬುರಗಿಯ ಡಾಕ್ಟರು ಬೆಂಗಳೂರಿಗೆ ಬರೆದುಕೊಟ್ಟರು. ಅಲ್ಲಿ ಆಪರೇಷನ್ ಆಯಿತು, ಆಮೇಲೆ ಕೆಲವು ವಾರಕ್ಕೊಮ್ಮೆ ಹೋಗಿ ಔಷಧ ಏರಿಸಿಕೊಂಡು ಬರಬೇಕಾಯಿತು. ರಾತ್ರಿಯಿಡೀ ರೈಲಿನಲ್ಲಿ ಅಲುಗಾಡಿಕೊಂಡು ಹೋಗುವುದು ಬೇಡ, ವಿಮಾನವಾದರೆ ಒಂದು ತಾಸು ಚಿಲ್ಲರೆ ಅಂತ ನಾನೇ ತೀರ್ಮಾನ ಮಾಡಿದೆ. ಅಕ್ಕನನ್ನು ಕೇಳಿದ ನೆನಪಿಲ್ಲ. ಚಳಿಗಾಲದಲ್ಲಿ, ಬೇಸಿಗೆಯಲ್ಲಿ ಹೋಗಿ ಬಂದೆವು. ಆಕಾಶ ನಿಚ್ಚಳವಾಗಿರುತ್ತಿತ್ತು. ವಿಮಾನ ನೀರಿನ ಮೇಲೆ ಬಾತುಕೋಳಿ ಕೂತಂತೆ ಬಂದು ಇಳಿಯುತ್ತಿತ್ತು. ನಾಲ್ಕು ಸಲ ಹತ್ತಿ ಇಳಿಯುವುದರೊಳಗೆ ನಾನು ವಿಮಾನದ ವಿಷಯದಲ್ಲೂ ಬಲ್ಲವನಾಗಿಬಿಟ್ಟೆ.

ಜ್ಯೇಷ್ಠದ ಕಾರಹುಣ್ಣಿಮೆ ಮುಗಿದ ವಾರ ಗಾಳಿ ಶುರುವಾಯಿತು. ಬೆಂಗಳೂರಿನಿಂದ ತಿರುಗಿ ಬರುತ್ತಿದ್ದ ಆ ಮಧ್ಯಾಹ್ನ, ಇಳಿಯಲು ಇನ್ನು ಹತ್ತು ನಿಮಿಷ ಇರುವಾಗ ವಿಮಾನ ಇದ್ದಕ್ಕಿದ್ದ ಹಾಗೆ ಕೆಳಗೆ ಕುಸಿಯಿತು. ತಲೆಯ ಮೇಲಿನ ಸಾಮಾನಿನ ಗೂಡುಗಳು ಕಟಕಟ ಅಂದವು. ಹಿಂದೆ ಯಾರೋ ಕಾಗದದ ಚೀಲದಲ್ಲಿ ವಾಂತಿ ಮಾಡಿಕೊಂಡರು, ಆ ಹುಳಿ ವಾಸನೆ ಹಬ್ಬಿತು. ಚಿಮ್ಮನಚೋಡ ಗ್ರಾಮದ ಒಬ್ಬರು ಮುದುಕರು, ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಕಪ್ಪು ಕನ್ನಡಕ ಹಾಕಿದ್ದವರು, ದೊಡ್ಡ ದನಿಯಲ್ಲಿ ಕೂಗಿದರು: “ಕಂಡಕ್ಟರಿಗಿ ಹೇಳ್ರೋ! ನನ್ನ ಇಲ್ಲೇ ಇಳಸ್ರಿ, ನಾ ನಡಕೋತ ಹೋಗ್ತೀನಿ!”

ಅಂಥ ಹೊತ್ತಿನಲ್ಲೂ ಜನ ನಕ್ಕರು. ಅಕ್ಕನೂ ನಕ್ಕು, ನನ್ನ ಹೆಸರು ಹಿಡಿದು, “ಶರಣು, ಇದು ಎಮ್ಮಿ ಸವಾರಿ ಆಯ್ತಲ್ಲೋ” ಅಂದಳು.

ನಮ್ಮ ಪಕ್ಕದ ಸಾಲಿನಲ್ಲಿ ಕೂತಿದ್ದ ಹೆಂಗಸು ಮಾತ್ರ ನಗಲಿಲ್ಲ. ನಲವತ್ತರ ಆಚೀಚೆಯ ವಯಸ್ಸು, ತೆಳ್ಳಗಿದ್ದಳು, ಬುರಖಾದ ಮುಸುಕು ಸರಿಸಿ ಬಾಯಿ ತೆರೆದು ಉಸಿರು ಎಳೆಯುತ್ತಿದ್ದಳು. ಅವಳ ಗಂಡ ಅವಳ ಬೆನ್ನು ಸವರುತ್ತಿದ್ದ. ನಾನು ನನ್ನ ಅಭ್ಯಾಸದಂತೆ ಅತ್ತ ಬಾಗಿ ಹೇಳಿದೆ: “ಅಂಜಬ್ಯಾಡ್ರಿ. ಇದು ಗಾಳಿ ಅಷ್ಟೇ. ಹಳ್ಳದಾಗ ಬಂಡಿ ಇಳದಂಗ. ವಿಮಾನಕ್ಕ ಇದ್ಯಾವ ಲೆಕ್ಕಾನೂ ಅಲ್ಲ.”

ಇದನ್ನು ನಾನು ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ಕಲಿತಿದ್ದೆ. ಆದರೆ ಗಂಡನ ಮುಖ ಅರಳಿತು. “ಕೇಳ್ದೇನು? ಸಾಹೇಬ್ರಿಗೆ ಎಲ್ಲ ಗೊತ್ತದ” ಅಂತ ಹೆಂಡತಿಗೆ ಹೇಳಿದ. ಅವಳು ನನ್ನ ಮುಖ ನೋಡಲಿಲ್ಲ. ನನ್ನ ಕೈ ನೋಡಿದಳು. ಸೀಟಿನ ತೋಳನ್ನು ನಾನು ಎಷ್ಟು ಬಿಗಿಯಾಗಿ ಹಿಡಿದಿದ್ದೆ ಅನ್ನುವುದು ಆಗ ನನಗೇ ಗೊತ್ತಾಯಿತು.

ವಿಮಾನ ಒಂದು ಗಾಲಿ ಮೊದಲು ಊರಿ, ಆಮೇಲೆ ಇನ್ನೊಂದು ಊರಿ, ಧಡ್ ಅಂತ ನಿಂತಿತು. ಹೊರಗೆ ಬಂದಾಗ ಗಾಳಿಗೆ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ಆಟೋ ಕಾಯುತ್ತ ಪರಿಚಯವಾಯಿತು. ಅವನ ಹೆಸರು ಮಶಾಕ್, ಶಹಾಬಾದದಲ್ಲಿ ಟೇಲರ್ ಅಂಗಡಿ. ಶಾಲೆಯ ಮಕ್ಕಳ ಸಮವಸ್ತ್ರ, ಮದುವೆಯ ಶೇರ್ವಾನಿ ಎರಡನ್ನೂ ಹೊಲಿಯುತ್ತಿದ್ದ. ಹೆಂಡತಿ ಹಸೀನಾಗೆ ಹೃದಯದ ಕವಾಟದ ತೊಂದರೆ. ಅವಳನ್ನು ತೋರಿಸುತ್ತಿದ್ದುದು ಅಕ್ಕನ ಆಸ್ಪತ್ರೆಯ ಎದುರಿನ ಆಸ್ಪತ್ರೆಯಲ್ಲೇ. ಅವರ ಕಾಗದಪತ್ರ ಇಸಿದುಕೊಂಡು ನೋಡಿದೆ. ಮುಂದಿನ ಸಲ ಇಬ್ಬರಿಗೂ ಒಂದೇ ವಾರ ದಿನ ಸಿಗುವಂತೆ ನಾನೇ ಫೋನು ಮಾಡಿ ಹೊಂದಿಸಿದೆ. ಟಿಕೆಟನ್ನೂ ನಾನೇ ತೆಗೆಸಿದೆ. ಮಶಾಕ್ ಎರಡು ಕೈ ಜೋಡಿಸಿ, “ನಿಮ್ಮಂಥೋರು ಸಿಕ್ಕಿದ್ದು ನಮ್ಮ ನಸೀಬು ಸಾಹೇಬ್ರ” ಅಂದ. ನನಗೆ ಹಿತವಾಯಿತು.

ಎರಡನೆಯ ಸಲ ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಆಷಾಢ ಕೂತಿತ್ತು. ಬೆಂಗಳೂರಿನಲ್ಲಿ ನಾವು ಒಂದೇ ವಸತಿಗೃಹದಲ್ಲಿ ಎರಡು ಕೋಣೆ ಹಿಡಿದೆವು. ಅಕ್ಕನಿಗೂ ಹಸೀನಾಗೂ ಬಹಳ ಬೇಗ ಸಲಿಗೆ ಬೆಳೆಯಿತು. ಅಕ್ಕ ಕಟ್ಟಿಕೊಂಡು ಬಂದಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಹಿಂಡಿ ಬಿಚ್ಚಿದರೆ ಹಸೀನಾ ಉಪ್ಪಿಲ್ಲದ ತನ್ನ ಪಥ್ಯದ ಊಟ ಬದಿಗಿಟ್ಟು ಒಂದು ಚೂರು ಹಿಂಡಿ ಬೆರಳಲ್ಲಿ ನೆಕ್ಕುತ್ತಿದ್ದಳು. “ಡಾಕ್ಟರಿಗಿ ಹೇಳಬ್ಯಾಡ್ರಿ ಅಕ್ಕಾ” ಅಂತ ನಗುತ್ತಿದ್ದಳು. ನಕ್ಕರೆ ಅವಳಿಗೆ ಕೆಮ್ಮು ಬರುತ್ತಿತ್ತು. ಔಷಧದಿಂದ ಅಕ್ಕನ ಕೂದಲು ಉದುರಿದ್ದವು. ಹಸೀನಾ ತನ್ನ ಗಂಡನ ಅಂಗಡಿಯಲ್ಲಿ ಉಳಿದ ಮೆತ್ತನೆ ಬಟ್ಟೆಯಿಂದ ಒಂದು ಟೋಪಿ ಹೊಲಿದು ತಂದಿದ್ದಳು. ಅಕ್ಕ ಅದನ್ನು ಹಾಕಿಕೊಂಡು ಕನ್ನಡಿ ನೋಡಿ, “ನಾ ಮದುವಣಗಿತ್ತಿ ಆದೆ ನೋಡು” ಅಂದಳು.

ತಿರುಗಿ ಬರುವಾಗ ಗಾಳಿ ಮೊದಲಿಗಿಂತ ಜೋರಿತ್ತು. ಕಿಟಕಿಯಲ್ಲಿ ಒಮ್ಮೆ ಬರೀ ಆಕಾಶ, ಒಮ್ಮೆ ಬರೀ ಹೊಲ. ಗಾಲಿಗಳು ನೆಲಕ್ಕೆ ಬಡಿದು, ವಿಮಾನ ಮತ್ತೆ ಮೇಲಕ್ಕೆ ಪುಟಿದು, ಎರಡನೆಯ ಸಲ ಬಡಿದು ನಿಂತಿತು. ನನ್ನ ಹಲ್ಲು ನಾಲಿಗೆಗೆ ತಾಗಿ ಬಾಯಲ್ಲಿ ರಕ್ತ ಬಂತು. ಎಲ್ಲರೂ ಎದ್ದು ಇಳಿಯುತ್ತಿದ್ದರೂ ಹಸೀನಾ ಏಳಲಿಲ್ಲ. ತುಟಿ ನೀಲಿಯಾಗಿತ್ತು. ಅಕ್ಕ ಅವಳ ಅಂಗೈಯನ್ನು ತನ್ನ ಗಟ್ಟಿ ಅಂಗೈಯಲ್ಲಿಟ್ಟುಕೊಂಡು ತಿಕ್ಕುತ್ತ ಕೂತಳು. ಸ್ವಲ್ಪ ಹೊತ್ತಿಗೆ ಬಣ್ಣ ತಿರುಗಿತು.

“ಅಕ್ಕಾ, ಇದು ನನ್ನ ದಿಲ್ ತಡ್ಯಂಗಿಲ್ಲ” ಅಂದಳು ಹಸೀನಾ. “ಇನ್ಮುಂದ ನಾ ರೈಲಿಗೇ ಬರ್ತೀನಿ. ರೈಲು ಎಷ್ಟು ಅಲಗಾಡಿದ್ರೂ ನೆಲದ ಮ್ಯಾಲರೆ ಇರ್ತದ.”

“ಒಂದು ರಾತ್ರಿ ಪೂರಾ ಬೇಕು ರೈಲಿಗೆ” ಅಂದೆ ನಾನು.

“ಇರ್ಲಿ ಅಣ್ಣಾ. ಮಲಕೊಂಡು ಬರ್ತೀನಿ.”

ಮೂರನೆಯ ಸಲ ಅವರು ಹೇಳಿದ ಹಾಗೆ ರೈಲಿನಲ್ಲೇ ಬೆಂಗಳೂರಿಗೆ ಬಂದರು. ನಾನೂ ಅಕ್ಕನೂ ವಿಮಾನದಲ್ಲಿ ಹೋದೆವು. ಎರಡು ದಿನ ಪರೀಕ್ಷೆಗಳಾದವು. ಶ್ರಾವಣ ಮುಗಿಯುವುದರೊಳಗೆ ಆಪರೇಷನ್ ಮಾಡಬೇಕು, ಅಲ್ಲಿಯವರೆಗೆ ಮನೆಯಲ್ಲಿ ವಿಶ್ರಾಂತಿ ಅಂತ ಹಸೀನಾಳ ಡಾಕ್ಟರು ಹೇಳಿ ಕಳಿಸಿದರು. ಪರೀಕ್ಷೆಗಳಿಂದ ಅವಳು ಸುಸ್ತಾಗಿದ್ದಳು, ಕಾಲು ಊದಿದ್ದವು. ಅವರಿಗೆ ಮಾರನೆಯ ಸಂಜೆಯ ರೈಲಿನಲ್ಲಿ ಕೆಳಗಿನ ಬರ್ತ್ ಸಿಕ್ಕಿತ್ತು, ಬೆಳಗಾಗುವುದರೊಳಗೆ ನೆಟ್ಟಗೆ ಶಹಾಬಾದಿಗೇ. ನಮ್ಮದು ಮಾರನೆಯ ಮಧ್ಯಾಹ್ನದ ವಿಮಾನ.

ವಸತಿಗೃಹದ ವರಾಂಡದಲ್ಲಿ ಕೂತು ನಾನು ಮಶಾಕನಿಗೆ ಹೇಳಿದೆ: “ಈ ಸ್ಥಿತಿಯಾಗ ರಾತ್ರಿ ಪೂರಾ ರೈಲಾಗ ಹ್ಯಾಂಗ ಒಯ್ತೀರಿ? ಏನರೆ ಆದ್ರ ರೈಲಾಗ ಯಾರದಾರ? ನಾಳಿ ವಿಮಾನದಾಗ ಸೀಟು ಅವ. ಒಂದು ತಾಸಿನಾಗ ಕಲಬುರಗಿ.”

ಮಶಾಕ್ ಹೆಂಡತಿಯ ಕಡೆ ನೋಡಿದ, ನನ್ನ ಕಡೆ ನೋಡಿದ. “ನೀವು ಹೇಳಿದ್ರ ಸೈ ಸಾಹೇಬ್ರ.”

ಅಕ್ಕ ಒಳಗಿನಿಂದ ಅಂದಳು, “ಶರಣು, ಆಕಿನ್ನ ಕೇಳು.”

“ಆಕಿಗೇನು ತಿಳೀತದ ಅಕ್ಕಾ. ಅಂಜ್ಯಾಳ, ಅಷ್ಟೇ.”

ಹಸೀನಾ ಬಾಗಿಲಿಗೆ ಬಂದು ನಿಂತಳು. ನನ್ನನ್ನೇ ನೇರ ಕೇಳಿದಳು. “ಅಣ್ಣಾ, ನಾಳಿ ಗಾಳಿ ಇರಂಗಿಲ್ಲೇನ್ರಿ?”

“ಇಲ್ಲ. ನಾ ಫೋನಿನಾಗ ನೋಡೀನಿ. ನಾಳಿ ಗಾಳಿ ಕಡಿಮಿ ಅದ.”

ನಾನು ನೋಡಿರಲಿಲ್ಲ. ಫೋನು ನನ್ನ ಜೇಬಿನಲ್ಲೇ ಇತ್ತು, ತೆಗೆದು ನೋಡಲು ಒಂದು ನಿಮಿಷ ಸಾಕಿತ್ತು. ನೋಡಬೇಕು ಅನ್ನಿಸಲೂ ಇಲ್ಲ. ಕಚೇರಿಯಲ್ಲಿ “ಸಾಹೇಬ್ರು ನಾಳೆ ಬರ್ತಾರ” ಅಂತ ಹೇಳಿ ಜನರನ್ನು ಕಳಿಸುತ್ತಿದ್ದೆನಲ್ಲ, ಹಾಗೇ ಬಾಯಿಗೆ ಬಂತು. ಹಸೀನಾ “ಹಂಗಾದ್ರ ಆಯ್ತು” ಅಂತ ಒಳಗೆ ಹೋದಳು. ಮಶಾಕ್ ರೈಲಿನ ಟಿಕೆಟ್ ರದ್ದು ಮಾಡಿಸಿದ.

ಮಾರನೆಯ ದಿನ ಹಸೀನಾ ಅಕ್ಕನ ಪಕ್ಕ ಕೂರುತ್ತೇನೆ ಅಂದಳು. ಅವರಿಬ್ಬರೂ ಮುಂದೆ, ಮಶಾಕನೂ ನಾನೂ ಅವರ ಹಿಂದಿನ ಸಾಲು. ದಾರಿಯಲ್ಲಿ ಏನೂ ಇರಲಿಲ್ಲ. ಮೋಡದ ಮೇಲೆ ಬಿಸಿಲು ಬಿದ್ದಿತ್ತು. ಮಶಾಕ್ ಶ್ರಾವಣದ ಮದುವೆಗಳಿಗೆ ಬಂದಿರುವ ಹೊಲಿಗೆಯ ಮಾತಾಡುತ್ತಿದ್ದ. ಮೋಡದೊಳಗೆ ಇಳಿದ ಕೂಡಲೇ ಅವನ ಮಾತು ನಿಂತಿತು.

ಅಂಥ ಗಾಳಿಯನ್ನು ನಾನು ಕಂಡಿರಲಿಲ್ಲ. ವಿಮಾನವನ್ನು ಯಾರೋ ಬಾಲ ಹಿಡಿದು ಕೊಡವಿದ ಹಾಗೆ. ಅಡ್ಡಕ್ಕೆ ಎಳೆಯಿತು, ಕೆಳಗೆ ಬೀಳಿಸಿತು, ಬಿದ್ದಲ್ಲಿಂದ ಎತ್ತಿ ಒಗೆಯಿತು. ಒಂದು ನೀರಿನ ಬಾಟಲಿ ನಡುದಾರಿಯಲ್ಲಿ ಹಿಂದಕ್ಕೂ ಮುಂದಕ್ಕೂ ಉರುಳಾಡುತ್ತಿತ್ತು. ಮೋಡದಿಂದ ಹೊರಗೆ ಬಂದಾಗ ನೆಲ ಬಹಳ ಹತ್ತಿರ ಇತ್ತು, ಓರೆಯಾಗಿತ್ತು. ರನ್‌ವೇಯ ಬಿಳಿ ಗೆರೆಗಳು ಕಿಟಕಿಯ ಕೆಳಗೆ ಬಂದವು. ಇನ್ನೇನು ಮುಟ್ಟಿತು ಅನ್ನುವಾಗ ಇಂಜಿನ್ನು ಒಮ್ಮೆಲೇ ಅರಚಿತು, ಬೆನ್ನು ಸೀಟಿಗೆ ಅಂಟಿಕೊಂಡಿತು, ನೆಲ ಕೆಳಗೆ ಸರಿದುಹೋಯಿತು. ಎರಡು ಸೀಟಿನ ಸಂದಿಯಿಂದ ನೋಡಿದೆ. ಹಸೀನಾ ಅಕ್ಕನ ಭುಜಕ್ಕೆ ಹಣೆ ಒತ್ತಿ ಏನೋ ಪಠಿಸುತ್ತಿದ್ದಳು, ಅವಳ ಬೆನ್ನು ಬೇಗ ಬೇಗ ಏರಿಳಿಯುತ್ತಿತ್ತು.

ವಿಮಾನ ಒಂದು ಸುತ್ತು ಹೊಡೆದು ಮತ್ತೆ ಬಂತು. ಮತ್ತೆ ಅದೇ ಆಯಿತು, ಈ ಸಲ ಇನ್ನೂ ಕೆಳಗೆ ಬಂದು. ಆಮೇಲೆ ಪೈಲಟ್ ಮೈಕಿನಲ್ಲಿ, ಗಾಳಿ ಹೆಚ್ಚಿರುವುದರಿಂದ ಹೈದರಾಬಾದಿಗೆ ಹೋಗುತ್ತಿದ್ದೇವೆ ಅಂದರು. ಅವರ ದನಿ ಶಾಂತವಾಗಿತ್ತು.

ಹೈದರಾಬಾದಿನಲ್ಲಿ ವಿಮಾನ ಒಂದು ಮೂಲೆಯಲ್ಲಿ ನಿಂತಿತು. ಬಾಗಿಲು ತೆರೆದರು. ಗಾಳಿ ಇಳಿದ ಮೇಲೆ ಮತ್ತೆ ಕಲಬುರಗಿಗೆ ಹೋಗುವುದು, ಎಷ್ಟು ಹೊತ್ತೋ ಹೇಳಲಾಗದು, ಇಲ್ಲೇ ಇಳಿಯುವವರು ಬರೆದುಕೊಟ್ಟು ಇಳಿಯಬಹುದು ಅಂತ ತಿಳಿಸಿದರು. ಒಂದಿಬ್ಬರು ಇಳಿದರು. ಹಸೀನಾ ಹಿಂತಿರುಗಿ ಗಂಡನ ತೋಳು ಹಿಡಿದಳು.

“ಇಲ್ಲೇ ಇಳೀಮು ರೀ. ನನಗ ನೆಲದ ಮ್ಯಾಲೆ ಕುಂದ್ರಬೇಕು. ಕಾರು ಮಾಡ್ಕೊಂಡು ಹೋಗಮು, ಎಷ್ಟೊತ್ತಾದ್ರೂ ಆಗಲಿ.”

ಮಶಾಕ್ ನನ್ನ ಕಡೆ ತಿರುಗಿದ. “ಸಾಹೇಬ್ರ, ನೀವು ಹೇಳ್ರಿ.”

ಮೂರು ಮುಖ ನನ್ನ ಕಡೆ ನೋಡುತ್ತಿದ್ದವು. ನನಗೂ ಇಳಿದು ಓಡಿಹೋಗಬೇಕು ಅನ್ನಿಸಿತ್ತು. ಆದರೆ ನಿನ್ನೆ ರೈಲು ಬಿಡಿಸಿದವನು ನಾನು. ಈಗ ಇಳಿಯೋಣ ಅಂದರೆ ನಿನ್ನೆ ಹೇಳಿದ್ದು ಸುಳ್ಳಾಗುತ್ತಿತ್ತು. “ಇಲ್ಲಿಂದ ತಾಂಡೂರ ಮ್ಯಾಲೆ ಹೋಗೋ ರಸ್ತಾ ಭಾಳ ಕೆಟ್ಟದ” ಅಂದೆ. “ನಾಲ್ಕೈದು ತಾಸು ತೆಗ್ಗಿನಾಗ ಕುಣಕೋತ ಹೋಗ್ಬೇಕು. ಇಲ್ಲಿಂದ ವಿಮಾನಕ್ಕ ಅರ್ಧ ಮುಕ್ಕಾಲು ತಾಸು. ಗಾಳಿ ಇಳದ ಮ್ಯಾಲೇ ಬಿಡ್ತಾರಲ್ಲ, ಇನ್ಯಾತರ ಅಂಜಿಕಿ?”

“ಕೇಳ್ದೇನು?” ಅಂತ ಮಶಾಕ್ ಹೆಂಡತಿಗೆ ಮೆಲ್ಲಗೆ ಹೇಳಿದ. ಅವಳು ತೋಳು ಬಿಟ್ಟು ಮುಂದಕ್ಕೆ ತಿರುಗಿ ಕೂತಳು. ಅಕ್ಕ ನನ್ನ ಕಡೆ ಒಂದು ನೋಟ ನೋಡಿದಳು.

ಎರಡು ತಾಸಿನ ಮೇಲೆ ಹೊರಟೆವು. ಗಾಳಿ ಇಳಿದಿದ್ದು ನಿಜ. ಪೂರ್ತಿ ಇಳಿದಿರಲಿಲ್ಲ. ಕಲಬುರಗಿಯ ಮೇಲೆ ಮತ್ತೆ ಆ ಕುಸಿತ, ಮತ್ತೆ ಆ ಓರೆ ನೆಲ. ಎಲ್ಲರಿಗೂ ಈಗ ಗೊತ್ತಿತ್ತು ಏನೇನಾಗಬಹುದು ಅಂತ. ಒಬ್ಬಳು ಹುಡುಗಿ ಫೋನಿನಲ್ಲಿ ಯಾರಿಗೋ ಸಂದೇಶ ಬರೆಯುತ್ತ, ಅಳಿಸುತ್ತ, ಮತ್ತೆ ಬರೆಯುತ್ತಿದ್ದಳು. ಬಲಗಡೆಯ ಗಾಲಿ ಬಡಿಯಿತು, ವಿಮಾನ ವಾಲಿತು, ಎಡಗಡೆಯದು ಬಡಿಯಿತು, ಆಮೇಲೆ ಮೂಗು. ಓಡುತ್ತ ಓಡುತ್ತ ನಿಧಾನವಾಯಿತು. ಜನ ಚಪ್ಪಾಳೆ ತಟ್ಟಿದರು, ಕೆಲವರು ಅತ್ತರು. ನಾನೂ ತಟ್ಟಿದೆ. ಮಶಾಕ್ ನನ್ನ ಮೊಣಕೈ ಹಿಡಿದು ನಕ್ಕ.

ಆಗ ಮುಂದಿನ ಸೀಟಿನಿಂದ ಅಕ್ಕನ ದನಿ ಬಂತು. “ಶರಣು, ಯಾರನ್ನರೆ ಕರಿ. ಲಗೂನ ಕರಿ.”

ಹಸೀನಾಳ ತಲೆ ಅಕ್ಕನ ಭುಜದ ಮೇಲಿತ್ತು. ಕಣ್ಣು ಅರ್ಧ ತೆರೆದಿದ್ದವು. ಉಸಿರು ಇತ್ತು, ಆದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಬಹಳ ಹೊತ್ತು ಹಿಡಿಯುತ್ತಿತ್ತು. ವಿಮಾನದ ಹುಡುಗಿಯರು ಓಡಿಬಂದು ಆಕ್ಸಿಜನ್ ಹಾಕಿದರು, ಗಾಲಿಕುರ್ಚಿ ಬಂತು, ಕೆಳಗೆ ಆಂಬುಲೆನ್ಸ್ ಸಿದ್ಧವಾಯಿತು. ಎಲ್ಲರೂ ತಮ್ಮಿಂದ ಆದಷ್ಟು ಬೇಗ ಮಾಡಿದರು. ಮಶಾಕ್ ಆಂಬುಲೆನ್ಸ್ ಹತ್ತಿದ. ಹತ್ತುವಾಗ ನನ್ನ ಕಡೆ ತಿರುಗಿ ಏನೋ ಕೇಳಲು ಬಾಯಿ ತೆರೆದ, ಬಾಗಿಲು ಮುಚ್ಚಿತು. ನಾವು ಹಿಂದಿನಿಂದ ಆಟೋದಲ್ಲಿ ಹೋದೆವು. ಸಂಜೆಯ ನಮಾಜಿನ ಕರೆ ಕೇಳುವ ಹೊತ್ತಿಗೆ ಹಸೀನಾ ತೀರಿಕೊಂಡಳು.

ಆಸ್ಪತ್ರೆಯ ಬಾಗಿಲಲ್ಲಿ ನಾನು ನಿಂತಿದ್ದೆ. ಒಳಗೆ ಹೋಗಲಾಗಲಿಲ್ಲ. ಅಕ್ಕ ಹೋಗಿ ಮಶಾಕನ ಪಕ್ಕ ಕೂತಳು. ಔಷಧ ಏರಿಸಿಕೊಂಡ ಮೈ, ಅವಳಿಗೂ ಕೂರುವಷ್ಟು ಶಕ್ತಿ ಇರಲಿಲ್ಲ. ಆದರೂ ಅವನ ತಮ್ಮಂದಿರು ಶಹಾಬಾದಿನಿಂದ ಬರುವವರೆಗೆ ಏಳಲಿಲ್ಲ.

ಮಾರನೆಯ ದಿನ ಶಹಾಬಾದದಲ್ಲಿ ಮಣ್ಣಾಯಿತು. ನಾನು ಹೋಗಲಿಲ್ಲ. ಕಚೇರಿಗೆ ಹೋಗಿ ಅರ್ಜಿಗಳ ಮುಂದೆ ಕೂತೆ. ಯಾರೋ ಬಂದು “ಸಾಹೇಬ್ರ, ಇದು ಯಾವಾಗ ಆಗ್ತದ?” ಅಂತ ಕೇಳಿದರೆ ಕಾಗದವನ್ನು ಅವರ ಕೈಗೇ ತಿರುಗಿ ಕೊಟ್ಟೆ. ಅಕ್ಕ ಹೋಗಿ ಬಂದಳು. ಹಸೀನಾ ಹೊಲಿದುಕೊಟ್ಟ ಟೋಪಿ ಹಾಕಿಕೊಂಡು, ಬಸ್ಸಿನಲ್ಲಿ, ಒಬ್ಬಳೇ. ಬರುವಾಗ ಚಿತ್ತಾಪುರದಲ್ಲಿ ಇಳಿದು ನನ್ನ ಮನೆಗೆ ಬಂದಳು. ನೀರು ಕುಡಿದು ಅಂದಳು:

“ಮೊದಲನೇ ಸಲಾನೇ ಆಕಿ ನನಗ ಹೇಳಿದ್ಲು. ನಿಮ್ಮ ತಮ್ಮಗ ಬಾಯಾಗ ಧೈರ್ಯ ಅದ, ಕೈಯಾಗ ಅಂಜಿಕಿ ಅದ ಅಂತ. ಪಾಪ, ನಿನ್ನ ಮರ್ಯಾದಿ ಕಳಿಬಾರ್ದಂತ ಸುಮ್ನಿದ್ಲು.”

ನಾನು ಆಗ ಅಕ್ಕನಿಗೆ ಹೇಳಿದೆ, ಫೋನು ನೋಡಿರಲಿಲ್ಲ ಅಂತ. ಅಕ್ಕ ತಲೆ ಎತ್ತಲಿಲ್ಲ. “ನನಗ್ಯಾಕ ಹೇಳ್ತಿ? ಹೇಳ್ಬೇಕಾದವ್ರಿಗಿ ಹೇಳು” ಅಂದಳು.

ಹೇಳಲು ನನಗೆ ಹತ್ತು ದಿನ ಬೇಕಾಯಿತು. ನಾಗರಪಂಚಮಿಯ ಹಿಂದಿನ ದಿನ ಶಹಾಬಾದಿಗೆ ಹೋದೆ. ಅಂಗಡಿ ತೆರೆದಿತ್ತು. ಮಶಾಕ್ ಮಷಿನ್ ಮೇಲೆ ಬಗ್ಗಿ ಶಾಲೆಯ ನೀಲಿ ಚಡ್ಡಿಗಳನ್ನು ಹೊಲಿಯುತ್ತಿದ್ದ. ಗಡ್ಡ ಬೆಳೆದಿತ್ತು. ನನ್ನನ್ನು ಕಂಡು ಎದ್ದು, ಸ್ಟೂಲು ಒರೆಸಿ, “ಕುಂದ್ರಿ ಸಾಹೇಬ್ರ” ಅಂದ. ಎದುರಿನ ಹೋಟೆಲಿಗೆ ಎರಡು ಚಹಾ ಕೂಗಿ ಹೇಳಿದ.

ಕವಾಟ ಪೂರ್ತಿ ಕೆಟ್ಟಿತ್ತಂತೆ, ಎಲ್ಲಿದ್ದರೂ ಆಗಬಹುದಿತ್ತು ಅಂತ ಡಾಕ್ಟರು ಹೇಳಿದರು ಅಂದ. ರೈಲಿನಲ್ಲೂ ಆಗಬಹುದಿತ್ತು, ಮನೆಯಲ್ಲೂ ಆಗಬಹುದಿತ್ತು. ನನ್ನನ್ನು ಸಮಾಧಾನ ಮಾಡಲೆಂದೇ ಅವನು ಅದನ್ನು ಹೇಳುತ್ತಿದ್ದ. ಅಲ್ಲಿಗೇ ಬಿಟ್ಟು ಚಹಾ ಕುಡಿದು ಎದ್ದು ಬರಬಹುದಿತ್ತು.

“ಮಶಾಕ್ ಭಾಯ್, ಗಾಳಿ ಇಲ್ಲಂತ ನಾ ಹೇಳಿದ್ನಲ್ಲ” ಅಂದೆ. “ನಾ ಫೋನು ನೋಡಿರಲಿಲ್ಲ. ಸುಳ್ಳು ಹೇಳ್ದೆ.”

ಅವನ ಕಾಲು ಮಷಿನ್ ಪೆಡಲಿನ ಮೇಲೆ ನಿಂತಿತು. ಸೂಜಿ ಬಟ್ಟೆಯೊಳಗೆ ನಿಂತಿತ್ತು. ಬೀದಿಯಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ತುಂಬಿದ ಟ್ರ್ಯಾಕ್ಟರ್ ಒಂದು ಹಾದುಹೋಯಿತು.

“ಇಪ್ಪತ್ತೆರಡು ವರ್ಷ ಆಕಿ ನನ್ನ ಜೋಡಿ ಇದ್ಲು ಸಾಹೇಬ್ರ” ಅಂದ. “ಒಂದು ಬಟ್ಟಿ ಹ್ಯಾಂಗ ಕತ್ತರಿಸಬೇಕಂತ ಆಕಿನ್ನ ಕೇಳ್ತಿದ್ದೆ. ಅವತ್ತ ಆಕಿ ಇಳೀಮು ಅಂದ್ಲು. ಆಕಿ ದಿಲ್ ಆಕಿಗಿ ಗೊತ್ತಿರ್ತದ, ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ನಾ ನಿಮ್ಮ ಮಾರಿ ನೋಡ್ದೆ. ಆಕಿ ಮಾರಿ ನೋಡ್ಲಿಲ್ಲ. ನಿಮ್ಮ ಸುಳ್ಳು ಒಂದು ಕಡಿ ಇರ್ಲಿ. ಆಕಿ ಮಾರಿ ನೋಡದ ತಪ್ಪು ನಂದು.”

“ನನಗ ಮಾಫ್ ಮಾಡ್ರಿ” ಅಂದೆ.

“ಮಾಫಿ ಆಕಿ ಕೊಡ್ಬೇಕ್ರಿ. ನಾ ಹ್ಯಾಂಗ ಕೊಡ್ಲಿ?” ಅಂದ. ಚಹಾ ಬಂತು. ನನ್ನ ಕೈಗೆ ಕಪ್ಪು ಕೊಟ್ಟ. “ಚಹಾ ಕುಡೀರಿ. ಕುಡದು ಹೋಗ್ರಿ. ಇನ್ನ ಈ ಕಡಿ ಬರಬ್ಯಾಡ್ರಿ ಸಾಹೇಬ್ರ. ಸಿಟ್ಟಿಲ್ಲ. ನಿಮ್ಮ ದನಿ ಕೇಳಿದ್ರ ನನಗ ಆ ವಿಮಾನ ನೆನಪಾಗ್ತದ.”

ಕುಡಿದೆ. ಎದ್ದೆ. ನಾನು ಮೆಟ್ಟಿಲು ಇಳಿಯುವ ಮೊದಲೇ ಮಷಿನ್ ಮತ್ತೆ ಶುರುವಾಗಿತ್ತು. ಅದಾದ ಮೇಲೆ ನಾನು ಅವನನ್ನು ನೋಡಿಲ್ಲ.

ಶ್ರಾವಣದ ಎರಡನೆಯ ವಾರ ಅಕ್ಕ ಮತ್ತೆ ಬೆಂಗಳೂರಿಗೆ ಹೋಗಬೇಕಿತ್ತು. ಟಿಕೆಟ್ ತೆಗೆಸುವ ಮೊದಲು ಸೇಡಂಗೆ ಹೋದೆ. ಖಾನಾವಳಿಯ ಮಧ್ಯಾಹ್ನದ ಊಟ ಮುಗಿದಿತ್ತು. ಕೆಲಸದ ಇಬ್ಬರು ಹೆಂಗಸರು ಪಾತ್ರೆ ತಿಕ್ಕುತ್ತಿದ್ದರು. ಅಕ್ಕ ಗೋಡೆಗೆ ಒರಗಿ ಕೂತಿದ್ದಳು, ತೆಳ್ಳಗಾಗಿದ್ದಳು.

“ಅಕ್ಕಾ, ಏನು ಮಾಡಮು? ವಿಮಾನಕ್ಕ ಹೋಗಮೋ, ರೈಲಿಗೋ?”

ಅವಳು ನನ್ನನ್ನು ಆಶ್ಚರ್ಯದಿಂದ ನೋಡಿದಳು. ಇಷ್ಟು ತಿಂಗಳಲ್ಲಿ ನಾನು ಅವಳನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. “ನಾ ಎದಕ್ಕೂ ಬರಂಗಿಲ್ಲೋ ಶರಣು” ಅಂದಳು. “ಅಂಜಿ ಅಲ್ಲ. ಆ ಔಷಧ ಏರಿಸ್ಕೊಂಡು ಬಂದ್ರ ಇಪ್ಪತ್ತು ದಿನ ನಾಲಿಗಿಗಿ ರುಚಿ ಇರಂಗಿಲ್ಲ. ಊರಿಗೆಲ್ಲ ರೊಟ್ಟಿ ಹಾಕೋಳು ನಾ, ನನಗ ರೊಟ್ಟಿ ಮಣ್ಣು ತಿಂದಂಗ ಆಗ್ತದ. ಡಾಕ್ಟ್ರು ನಿನಗ ಏನು ಹೇಳ್ಯಾರ, ಖರೆ ಹೇಳು.”

ನನ್ನ ಬಾಯಿಗೆ ಎಷ್ಟೋ ಮಾತು ಬಂದವು. ಎಲ್ಲ ಸರಿಹೋಗ್ತದ, ಇನ್ನೆರಡೇ ಸಲ, ಆಮೇಲೆ ನೀ ಮೊದಲಿನಂತಾಗ್ತಿ. ಅವನ್ನೆಲ್ಲ ನುಂಗಿಕೊಂಡೆ. ಡಾಕ್ಟರು ಹೇಳಿದ್ದನ್ನು ಮಾತ್ರ ಹೇಳಿದೆ: ಗಡ್ಡೆ ಪೂರ್ತಿ ಹೋಗಿಲ್ಲ. ಔಷಧ ಮುಂದುವರಿಸಿದರೆ ಒಂದು ವರ್ಷ ಸಿಗಬಹುದು, ಸಿಗದೆಯೂ ಇರಬಹುದು. ನಿಲ್ಲಿಸಿದರೆ ಕೆಲವು ತಿಂಗಳು.

“ಅವ್ರು ಹೇಳಿದ್ದು ಅಷ್ಟೇನು?”

“ಅಷ್ಟೇ.”

“ನಿಂದೇನೂ ಸೇರಿಸಿಲ್ಲಲ್ಲ?”

“ಇಲ್ಲ ಅಕ್ಕಾ.”

“ಹಂಗಾದ್ರ ಬ್ಯಾಡ” ಅಂದಳು.

ನನಗೆ ಅಳು ಬಂತು. ಅವಳ ಕಾಲು ಹಿಡಿದು ಕರೆದುಕೊಂಡು ಹೋಗಬೇಕು ಅನ್ನಿಸಿತು. ಏನೂ ಮಾಡಲಿಲ್ಲ. ಅವಳು ಹೇಳಿದ ಹಾಗೆ ಬಿಟ್ಟೆ. ಆ ಬಿಟ್ಟದ್ದೂ ಸರಿಯೋ ತಪ್ಪೋ ನನಗೆ ಇಂದಿಗೂ ತಿಳಿದಿಲ್ಲ.

ದೀಪಾವಳಿಯ ಹೊತ್ತಿಗೆ ಅವಳಿಗೆ ನಾಲಿಗೆಯ ರುಚಿ ತಿರುಗಿ ಬಂತು, ಹೊಟ್ಟೆಯ ನೋವೂ ಬಂತು. ಎಳ್ಳಮಾವಾಸ್ಯೆಗೆ ಪರಿಚಯದವರ ಹೊಲಕ್ಕೆ ಆಟೋದಲ್ಲಿ ಕರೆದೊಯ್ದೆ. ಜೋಳದ ಬೆಳೆಯ ನಡುವೆ ಚಾಪೆಯ ಮೇಲೆ ಕೂತು, ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಬಜ್ಜಿ ಮತ್ತು ಸಜ್ಜೆಯ ರೊಟ್ಟಿ ಎರಡು ಸಲ ಹಾಕಿಸಿಕೊಂಡು ಉಂಡಳು. ಸಂಕ್ರಾಂತಿಗೆ ಅಕ್ಕ ಇರಲಿಲ್ಲ.